ಫ್ಲೂ ಮಹಾಶಯರಿಗೆ, ಪೂಲಿಲ್ಲದ ಊರಿನಿಂದ

ಹಳ್ಳದವಾಡಿ, ದುಬಲಗುಂಡಿಯ ಹತ್ತಿರ,
ಹುಮನಾಬಾದ ತಾಲೂಕು.
ಶ್ರಾವಣ ಮಾಸ, 1986

ಮಾನ್ಯ ಫ್ಲೂ ಮಹಾಶಯರೇ,

ದೇಶದೇಶಗಳನ್ನು ಪಾಸ್‌ಪೋರ್ಟಿಲ್ಲದೆ ಸುತ್ತುವವರೂ, ಬಡವ-ಬಲ್ಲಿದ ಎಂಬ ಭೇದವೆಣಿಸದೆ ಎಲ್ಲರ ಮೂಗಿನಲ್ಲೂ ಸಮನಾಗಿ ಬಿಡಾರ ಹೂಡುವವರೂ, ಕಣ್ಣಿಗೆ ಕಾಣದೆಯೇ ಗಟ್ಟಿಮುಟ್ಟಾದವರನ್ನು ಕಂಬಳಿಯೊಳಗೆ ಮಲಗಿಸುವವರೂ ಆದ ತಮ್ಮ ಸನ್ನಿಧಿಗೆ ಹಳ್ಳದವಾಡಿಯ ಕಿರಾಣಿ ವ್ಯಾಪಾರಿ ಬಕ್ಕಪ್ಪ ಮಾಡುವ ಶರಣು ಶರಣಾರ್ಥಿ. ನಾವು ಇಲ್ಲಿ ಕ್ಷೇಮ. ತಮ್ಮ ಕ್ಷೇಮಕ್ಕೂ ಹಾರೈಸಬೇಕೆಂಬುದು ಪತ್ರದ ಪದ್ಧತಿ. ಆದರೆ ತಾವು ಕ್ಷೇಮವಾಗಿದ್ದೀರೆಂದರೆ ನಾವು ಕ್ಷೇಮವಾಗಿಲ್ಲವೆಂದೇ ಅರ್ಥವಾಗುವುದರಿಂದ ಆ ಒಂದು ಸಾಲನ್ನು ಬಿಟ್ಟಿದ್ದೇನೆ. ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ನನ್ನ ದೂರು ತಮ್ಮ ಜ್ವರದ ಮೇಲಲ್ಲ, ಕೆಮ್ಮಿನ ಮೇಲೂ ಅಲ್ಲ. ತಮ್ಮ ಹೆಸರಿನ ಮೇಲೆ. ನಮ್ಮ ಕಡೆ ಸೇತುವೆಗೆ ಪೂಲು ಎನ್ನುತ್ತೇವೆ. ಉರ್ದುವಿನವರು ಪುಲ್ ಎನ್ನುತ್ತಾರೆ, ಮರಾಠಿಯವರು ಪೂಲ್ ಎನ್ನುತ್ತಾರೆ, ನಾವು ಕೊನೆಗೊಂದು ಉಕಾರ ಹಚ್ಚಿ ಅದನ್ನು ಕನ್ನಡ ಮಾಡಿಕೊಂಡಿದ್ದೇವೆ. ನಮ್ಮ ಊರಿಗೂ ಹುಮನಾಬಾದಿನ ದವಾಖಾನೆಗೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಅದರಲ್ಲಿ ಒಂದು ಕತ್ತೆಯ ಬಾಯಾರಿಕೆಯೂ ತೀರುವುದಿಲ್ಲ. ಮಳೆ ಹಿಡಿಯಿತೆಂದರೆ ಎತ್ತು ಸಮೇತ ಬಂಡಿಯನ್ನೇ ಒಯ್ಯುತ್ತದೆ. ಅದರ ಮೇಲೊಂದು ಪೂಲು ಬೇಕೆಂದು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಅರ್ಜಿ ಕೊಟ್ಟೆವು, ರಾಜ್ಯ ಒಂದಾದ ಮೇಲೆ ಕನ್ನಡದಲ್ಲಿ ಕೊಟ್ಟೆವು. ಅರ್ಜಿ ಹೈದರಾಬಾದ ಬಿಟ್ಟು ಬೆಂಗಳೂರಿಗೆ ಹೋಯಿತೇ ಹೊರತು ನಾವು ಹಳ್ಳ ದಾಟಲಿಲ್ಲ.

ತಾವು ಮೊದಲ ಸಲ ಹೆಸರು ಹೇಳಿಕೊಂಡು ನಮ್ಮಲ್ಲಿಗೆ ದಯಮಾಡಿಸಿದ್ದು ಐವತ್ತೇಳರ ಕಾರಹುಣ್ಣಿಮೆಯ ಆಸುಪಾಸಿನಲ್ಲಿ. ಜನರನ್ನು ಎಚ್ಚರಿಸಲೆಂದು ಮೇಲಿನಿಂದ ಒಂದು ಕಾಗದ ಬಂತು: ಫ್ಲೂ ಹಡಗಿನಲ್ಲಿ ಮದರಾಸಿಗೆ ಬಂದಿಳಿದಿದೆ, ಹೈದರಾಬಾದು ದಾಟಿ ಇತ್ತ ಬರುತ್ತಾ ಇದೆ, ಜನರು ಗುಂಪುಗೂಡಬಾರದು, ಬಾಯಿ ಮುಚ್ಚಿಕೊಳ್ಳಬೇಕು. ಅದನ್ನು ಡಂಗುರ ಹೊಡೆಯುವ ಹುಸೇನ ಚಾಚಾನಿಗೆ ಓದಿ ಹೇಳಿದವರು ಪಾಟೀಲ ಮಹಾರುದ್ರಪ್ಪನವರು. ಮುಂದಿನ ಹಲ್ಲುಗಳು ಹೋದ ಮೇಲೆ ಪಾಟೀಲರ ಬಾಯಲ್ಲಿ ಒತ್ತಕ್ಷರ ನಿಲ್ಲುತ್ತಿರಲಿಲ್ಲವಾದ್ದರಿಂದ ಅವರು ಪುಲೂ ಎಂದು ಓದಿದರು. ಉರ್ದು ಶಾಲೆಯಲ್ಲಿ ಕಲಿತ ಹುಸೇನ ಚಾಚಾ ಪುಲ್ ಎಂದು ತಿಳಿದನು, ಮತ್ತು ನಮ್ಮಂಥ ಕನ್ನಡದವರಿಗೆ ತೊಂದರೆಯಾಗದಿರಲೆಂದು ತಾನೇ ತಿದ್ದಿಕೊಂಡು ಓಣಿ ಓಣಿಯಲ್ಲಿ ಸಾರಿದನು: "ಪೂಲು ಬರಾಕತ್ತದ್ರೀ ಪೂಲೂ! ಹಡಗಿನ್ಯಾಗ ಮದರಾಸಿಗಿ ಬಂದದ, ಹೈದರಾಬಾದ ದಾಟ್ಯದ! ಯಾರೂ ಗರ್ದಿ ಮಾಡಬ್ಯಾಡ್ರಿ, ಬಾಯಿ ಮುಚ್ಕೋರಿ!"

ಮಹಾಶಯರೇ, ಇದರಲ್ಲಿ ಸಂಶಯಪಡುವಂಥದ್ದು ಏನಿತ್ತು, ತಾವೇ ಹೇಳಬೇಕು. ಪೂಲಿನ ಕಬ್ಬಿಣ ಹಡಗಿನಲ್ಲಿ ಬರದೆ ಇನ್ನೇನು ಎತ್ತಿನ ಮೇಲೆ ಬರುತ್ತದೆಯೇ? ಗರ್ದಿ ಮಾಡಬೇಡಿ ಎಂದರೆ ಹೋಗಿ ಮುಂದೆ ನಿಲ್ಲಬೇಕು ಎಂಬುದನ್ನು ರೇಷನ್ ಸಕ್ಕರೆ ನಮಗೆ ಮೊದಲೇ ಕಲಿಸಿತ್ತು. ಬಾಯಿ ಮುಚ್ಚಿಕೊಳ್ಳಿ ಎಂಬುದಂತೂ ಸರ್ಕಾರ ನಮ್ಮೊಡನೆ ಮಾತಾಡುವ ರೀತಿಯೇ ಆಗಿದ್ದರಿಂದ, ಕಾಗದ ಅಸಲಿಯೇ ಇದೆ ಎಂಬ ನಂಬಿಕೆ ಅದರಿಂದಲೇ ಗಟ್ಟಿಯಾಯಿತು.

ಮರುದಿನ ಇಡೀ ಊರು ಹಳ್ಳದ ದಂಡೆಯಲ್ಲಿತ್ತು. ಎಲ್ಲರಿಗಿಂತ ಮುಂದೆ ನನ್ನ ಅವ್ವ ಸುಂದರಬಾಯಿ, ಇಳಕಲ್ಲ ಸೀರೆಯುಟ್ಟು, ಆರತಿ ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದಳು. ಬಸವಕಲ್ಯಾಣದ ಬಜಾರದಿಂದ ನಮ್ಮ ಬೀಗರೂ ಪೂಲು ನೋಡಲು ಬಂದರು. ತಾವು ಬಂದದ್ದು ಅವರ ಮೂಗಿನಲ್ಲಿ ಎಂಬುದು ನಮಗೆ ಆಮೇಲೆ ತಿಳಿಯಿತು. ಪೂಲಿನ ಸುಳಿವಿಲ್ಲದೆ ಬೇಸತ್ತ ಜನ ಮಧ್ಯಾಹ್ನ ಮನೆಗೆ ಹೋಗೋಣವೆಂದು ಏಳುವಷ್ಟರಲ್ಲಿ ಬೀಗರು ಸೀನಿದರು. ಹೊರಟ ಹೊತ್ತಿಗೆ ಯಾರಾದರೂ ಸೀನಿದರೆ ತುಸು ಕೂತು ಹೊರಡಬೇಕೆಂಬುದು ನಮ್ಮ ಹಿರಿಯರ ಕಟ್ಟಳೆ. ಕೂತೆವು. ಮತ್ತೆ ಎದ್ದೆವು, ಬೀಗರು ಮತ್ತೆ ಸೀನಿದರು. ಹೀಗೆ ಅಪಶಕುನ ಕಳೆಯಲೆಂದು ಏಳುತ್ತ ಕೂಡುತ್ತ ಅವರ ಸುತ್ತಲೇ ಹೊತ್ತು ಮುಳುಗುವ ತನಕ ಇದ್ದು, ತಮ್ಮನ್ನು ಮನೆಗೊಬ್ಬರಂತೆ ಹಂಚಿಕೊಂಡು ಹೋದೆವು. ಇಷ್ಟು ಶಿಸ್ತಿನ ಸ್ವಾಗತ ತಮಗೆ ಇನ್ಯಾವ ದೇಶದಲ್ಲೂ ಸಿಕ್ಕಿರಲಾರದು.

ವಾರದೊಳಗೆ ಊರೇ ಹಾಸಿಗೆ ಹಿಡಿಯಿತು. ಬಹಳ ಜನ ಗಂಜಿ ಕುಡಿದು ಎದ್ದರು. ಅವ್ವನಿಗೆ ಕಫ ಎದೆಗಿಳಿಯಿತು. ದವಾಖಾನೆಗೆ ಒಯ್ಯೋಣವೆಂದು ಹೊರಸಿನ ಮೇಲೆ ಮಲಗಿಸಿ ಹೊತ್ತು ತಂದರೆ, ಮೇಲೆಲ್ಲೋ ಮಳೆಯಾಗಿ ಹಳ್ಳ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಆಚೆಗೆ ಹುಮನಾಬಾದಿನ ದಾರಿ ಕಣ್ಣಿಗೆ ಕಾಣುತ್ತಿತ್ತು. ಆರತಿ ಹಿಡಿದು ಕೂತಿದ್ದ ಜಾಗದಲ್ಲೇ ಹೊರಸು ಇಳಿಸಿ ನೀರು ಇಳಿಯಲೆಂದು ಕಾದೆವು. ಅವ್ವ ಒಮ್ಮೆ ಕಣ್ಣು ತೆರೆದು, "ಪೂಲು ಬಂತೇನೋ ಬಕ್ಕ್ಯಾ?" ಎಂದಳು. "ಬರಾಕತ್ತದವ್ವಾ" ಎಂದೆ. ನೀರಿಗಿಂತ ಮೊದಲು ಅವಳ ಉಸಿರು ಇಳಿಯಿತು. ಈ ಒಂದು ಕಡೆ ನನಗೆ ವಿನಯದ ಮಾತು ಹೊರಡುವುದಿಲ್ಲ ಮಹಾಶಯರೇ. ತಮ್ಮ ಮೇಲೂ ಸಿಟ್ಟಿದೆ, ಆ ಹಳ್ಳದ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.

ಆಮೇಲೆ ಅರವತ್ತೆಂಟರಲ್ಲಿ ತಾವು ಹೊಸ ಅಂಗಿ ತೊಟ್ಟು ಜಗತ್ತು ಸುತ್ತಲು ಹೊರಟು ನಮ್ಮ ಹಳ್ಳವನ್ನೂ ದಾಟಿ ಹೋದಿರಿ. ಮುಂದೆ ಕೆಲವು ವರ್ಷಕ್ಕೆ ಐವತ್ತೇಳಕ್ಕೂ ಮೊದಲಿನ ಹಳೆಯ ಅಂಗಿಯನ್ನೇ ತೊಟ್ಟು ಬಂದಾಗ, ಅದನ್ನು ಹಿಂದೊಮ್ಮೆ ಕಂಡಿದ್ದ ನಮ್ಮಂಥ ಮುದುಕರ ತಂಟೆಗೆ ಅಷ್ಟಾಗಿ ಬಾರದೆ ಹುಡುಗರನ್ನೇ ಹೆಚ್ಚಾಗಿ ಮಲಗಿಸಿದಿರಿ. ಪೂಲು ಮಾತ್ರ ಹೊಸ ಅಂಗಿಯಲ್ಲೂ ಬರಲಿಲ್ಲ, ಹಳೆಯದರಲ್ಲೂ ಬರಲಿಲ್ಲ.

ತಮ್ಮ ಈ ಅಂಗಿ ಬದಲಿಸುವ ವಿದ್ಯೆಯ ಗುಟ್ಟು ನನಗೆ ತಿಳಿದದ್ದು ಈ ವರ್ಷ ಯುಗಾದಿಯ ನಂತರ. ಹುಮನಾಬಾದಿನ ದನದ ಡಾಕ್ಟರು ಶಿವರಾಜ ಅವರು ಕೋಳಿಗಳಿಗೆ ಸೂಜಿ ಹಾಕಲು ಬಂದವರು, ಸಂಜೆ ಶಾಲೆಯ ಕಟ್ಟೆಯ ಮೇಲೆ ಕೂತು ಫ್ಲೂ ಮಹಾಶಯರಾದ ತಮ್ಮ ವಂಶಾವಳಿಯನ್ನು ಬಿಡಿಸಿ ಹೇಳಿದರು. ತಮ್ಮ ತವರುಮನೆ ಕಾಡು ಬಾತು ಮುಂತಾದ ನೀರುಹಕ್ಕಿಗಳ ಹೊಟ್ಟೆಯಂತೆ. ಅಲ್ಲಿ ತಾವು ಬಹಳ ಸಂಭಾವಿತರಾಗಿ, ಎಷ್ಟೋ ಸಲ ಆ ಹಕ್ಕಿಗೆ ಒಂದು ಸೀನೂ ಬಾರದ ಹಾಗೆ ಇರುತ್ತೀರಂತೆ. ಹಕ್ಕಿಯ ಹಿಕ್ಕೆಯೊಡನೆ ಕೆರೆಯ ನೀರಿಗೆ ಇಳಿಯುತ್ತೀರಿ. ಹಕ್ಕಿಯ ಫ್ಲೂ ಮನುಷ್ಯನಿಗೆ ಸುಲಭವಾಗಿ ಹತ್ತುವುದಿಲ್ಲ. ಆದರೆ ಹಂದಿಗೆ ಹಕ್ಕಿಯದೂ ಹತ್ತುತ್ತದೆ, ಮನುಷ್ಯನದೂ ಹತ್ತುತ್ತದೆ. ಎರಡೂ ಒಂದೇ ಹಂದಿಯಲ್ಲಿ ಕೂಡಿದರೆ ಪರಸ್ಪರ ಗಂಟುಮೂಟೆ ಅದಲುಬದಲು ಮಾಡಿಕೊಂಡು ಮೂರನೆಯ ಒಬ್ಬರು ಹೊರಬೀಳುತ್ತಾರೆ. ಹಿಂದೊಮ್ಮೆ ಬಂದುಹೋದ ರೋಗದ ಗುರುತು ನಮ್ಮ ಮೈಗೆ ಇರುತ್ತದೆ, ಈ ಹೊಸಬರ ಗುರುತು ಯಾರ ಮೈಗೂ ಇರುವುದಿಲ್ಲ; ಆದ್ದರಿಂದ ಮೂಗಿನಿಂದ ಮೂಗಿಗೆ ಹಬ್ಬಿ ಜಗತ್ತೆಲ್ಲ ಮಲಗುತ್ತದೆ, ಅದೇ ಮಹಾಮಾರಿ. ಐವತ್ತೇಳರವರಲ್ಲೂ ಅರವತ್ತೆಂಟರವರಲ್ಲೂ ಹಕ್ಕಿಯ ಪಾಲು ಇತ್ತೆಂದು ಕಂಡುಕೊಂಡಿದ್ದಾರೆ, ಹಂದಿಯ ಮಾತು ಇನ್ನೂ ಪಂಡಿತರ ಅಂದಾಜು ಎಂದು ಡಾಕ್ಟರು ಪ್ರಾಮಾಣಿಕವಾಗಿಯೇ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ನಮಗೆ ತಿಳಿಯಲೆಂದು ಒಂದು ಮಾತು ಸೇರಿಸಿದರು: "ಹಂದಿ ಅಂದ್ರ ಹಕ್ಕಿಗೂ ಮನಶ್ಯಾಗೂ ನಡುವ ಒಂದು ಪೂಲು ಇದ್ದಂಗ ನೋಡ್ರಿ."

ಮರುದಿನ ನನ್ನ ಅಂಗಡಿಯ ಮುಂದೆ ಅಡ್ಡಾಡುವ ಹಂದಿಯನ್ನು ಬಹಳ ಹೊತ್ತು ನೋಡಿದೆ. ನನಗೆ ಹೊಟ್ಟೆಕಿಚ್ಚಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅರ್ಜಿಯಿಲ್ಲ, ಅಳತೆಯಿಲ್ಲ, ಟೆಂಡರಿಲ್ಲ, ಮಂತ್ರಿಗಳ ಕೈಯ ಕತ್ತರಿಯಿಲ್ಲ. ತಮಗೆ ಪೂಲು ಸಿಕ್ಕಿತು, ಅದೂ ತಾನೇ ನಡೆದು ಬರುವ ಪೂಲು. ಊರಿನವರು ಮಾತ್ರ ಆ ಉಪನ್ಯಾಸದಿಂದ ಒಂದೇ ಪಾಠ ಕಲಿತಿದ್ದರು: ಪೂಲು ಎಂದರೆ ಬ್ಯಾನಿ, ರೋಗ.

ಇದಾಗಿ ಸ್ವಲ್ಪ ದಿನಕ್ಕೆ ಹುಸೇನ ಚಾಚಾ ಮತ್ತೆ ಡಂಗುರ ಹೊಡೆದನು. ಈಗ ಅವನ ಬಾಯಲ್ಲೂ ಪಾಟೀಲರ ಬಾಯಿಯ ಪರಿಸ್ಥಿತಿಯೇ, ಹಲ್ಲಿಲ್ಲದೆ ಫ್ಲೂ ಎಂದರೂ ಪೂಲು ಎಂದೇ ಕೇಳಿಸುತ್ತದೆ. "ಪೂಲು ಬರಾಕತ್ತದ್ರೀ! ನಾಳಿ ಮುಂಜಾನಿ ಸಾಹೇಬ್ರು ಬರ್ತಾರ, ಎಲ್ಲಾರೂ ಹಳ್ಳದ ದಂಡಿಗಿ ಬರ್ರೀ!" ಕೇಳಿದ್ದೇ ತಡ, ಊರಿನ ಬಾಗಿಲುಗಳೆಲ್ಲ ಹಾಕಿಕೊಂಡವು. ಇದು ಯಾವ ಪೂಲೆಂದು ಚಾಚಾನನ್ನೇ ಕೇಳಿಬರೋಣವೆಂದು ನಾನು ಚಪ್ಪಲಿ ಮೆಟ್ಟಿದ್ದೆ. ನನ್ನ ಹೆಂಡತಿ ಭಾಗಮ್ಮ ಅಗಳಿ ಜಡಿದು ಅದಕ್ಕೆ ಬೆನ್ನು ಕೊಟ್ಟು ನಿಂತು, "ಅತ್ತಿ ಒಮ್ಮಿ ಆರತಿ ಹಿಡ್ಕೊಂಡು ಹೋಗಿದ್ದು ಸಾಕು, ನೀವು ಹೊಸ್ತಲಾ ದಾಟಿದ್ರ ನೋಡ್ರಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ನಾನು ಚಪ್ಪಲಿ ಬಿಟ್ಟೆ. ಮುಂಜಾನೆ ಜೀಪಿನ ಸಪ್ಪಳ ಕೇಳಿದಾಗ, ಪ್ರಾಯವೆಲ್ಲ ಪೂಲಿಗೆ ಅರ್ಜಿ ಬರೆಯುವುದರಲ್ಲೇ ಕಳೆದ ಈ ಬಕ್ಕಪ್ಪ ಮುಖಕ್ಕೆ ಧೋತರದ ಚುಂಗು ಕಟ್ಟಿಕೊಂಡು ಶುಂಠಿ ಕಷಾಯ ಕುಡಿಯುತ್ತ ಒಳಗೆ ಕೂತಿದ್ದ.

ಬಂದವರು ಪೂಲಿನ ಇಂಜಿನಿಯರರು, ಮಹಾಶಯರೇ. ನಿಜವಾದ ಪೂಲು! ಅಳತೆಯ ಸರಪಳಿ ತಂದಿದ್ದರಂತೆ. ದಂಡೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ್ದನ್ನು ಕಂಡು, ಊರವರನ್ನು ಕರೆದು ತಾ ಎಂದು ಹುಸೇನ ಚಾಚಾನನ್ನು ಕಳಿಸಿದರು. ಅವನು ಮನೆಮನೆಯ ಕದ ಬಡಿದು ಪೂಲು ಬಂದಿದೆ ಎಂದ. ಮನೆಮನೆಯವರೂ ಒಳಗಿನಿಂದಲೇ ಬೇಡ ಬೇಡವೆಂದು ಕೂಗಿದರು. ಜನ್ಮದಲ್ಲಿ ಸುಳ್ಳಾಡದ ಚಾಚಾ ಹೋಗಿ, "ಊರಾಗ ಯಾರಿಗೂ ಪೂಲು ಬ್ಯಾಡಂತ್ರಿ ಸಾಹೇಬ್ರ" ಎಂದು ಒಪ್ಪಿಸಿದ. ಸಾಹೇಬರು ಅದನ್ನೇ ಬರೆದುಕೊಂಡು ಹೋದರು. ಆ ಪೂಲು ಈಗ ಇನ್ನೊಂದು ಹಳ್ಳದ ಮೇಲೆ ಏಳುತ್ತಿದೆಯೆಂದು ಸುದ್ದಿ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಪ್ರಾರ್ಥನೆ ಏನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ಹೆಸರು ಬದಲಿಸಿಕೊಳ್ಳಬೇಕು. ಅಂಗಿಯನ್ನೇ ಬದಲಿಸುವವರಿಗೆ ಹೆಸರು ಯಾವ ಲೆಕ್ಕ? ನಾವು ಎಂದೂ ಸರ್ಕಾರಕ್ಕೆ ಕೇಳದಂಥ ಯಾವುದಾದರೂ ವಸ್ತುವಿನ ಹೆಸರಿಟ್ಟುಕೊಂಡರೆ ಆಯಿತು, ಆದರೆ ಅಂಥ ವಸ್ತು ಹುಡುಕಲು ತಮಗೆ ಸ್ವಲ್ಪ ಕಷ್ಟವಾದೀತು. ಅದು ಆಗದಿದ್ದರೆ, ತಮಗೂ ಪೂಲಿಗೂ ಯಾವ ನೆಂಟಸ್ತಿಕೆಯೂ ಇಲ್ಲವೆಂದು ಆ ಇಂಜಿನಿಯರರಿಗೆ ಒಂದು ಸರ್ಟಿಫಿಕೇಟು ಬರೆದುಕೊಡಬೇಕು. ಹಾಗೆಯೇ ಹಕ್ಕಿಯಿಂದ ಹಂದಿಗೆ, ಹಂದಿಯಿಂದ ಮನುಷ್ಯನಿಗೆ ಮಂಜೂರಾತಿಯಿಲ್ಲದೆ ದಾಟುವ ಬಗೆಯನ್ನು ಅವರ ಕಚೇರಿಯವರಿಗೆ ಎರಡು ದಿನ ಪಾಠ ಹೇಳಿದರೂ ಅಡ್ಡಿಯಿಲ್ಲ. ಅದಾದ ಮೇಲೆ ತವರುಮನೆಯಲ್ಲಿ, ಬಾತಿನ ಹೊಟ್ಟೆಯಲ್ಲಿ ಸುಖವಾಗಿರಬೇಕು. ತವರು ಬಿಟ್ಟು ಬಂದವರಿಗೆ ಇಲ್ಲಿ ಸುಖವಿಲ್ಲ, ಬೇಕಾದರೆ ಭಾಗಮ್ಮನನ್ನು ಕೇಳಿರಿ.

ತಮ್ಮ ವಿಶ್ವಾಸಿ, ಆದರೆ ತಮಗೆ ನಿವಾಸವಾಗಲು ಒಲ್ಲದ,
ಬಕ್ಕಪ್ಪ

ತಾ.ಕ.: ಹಳ್ಳ ತುಂಬಿದ್ದರಿಂದ ಟಪಾಲಿನವರು ಈಚೆಗೆ ಬಂದಿಲ್ಲ, ಈ ಪತ್ರ ನನ್ನ ಅಂಗಡಿಯಲ್ಲೇ ಬಿದ್ದಿದೆ. ಪೂಲಾದ ದಿನ ಖಂಡಿತ ತಮಗೆ ಮುಟ್ಟುತ್ತದೆ. ಪೂಲಿಲ್ಲದೆಯೂ ಬರಬಲ್ಲವರು ತಾವೊಬ್ಬರೇ ಎಂಬುದು ನನಗೆ ಗೊತ್ತು. ಹಾಗಂತ ತಾವೇ ಬಂದು ಒಯ್ಯುವ ತೊಂದರೆ ತೆಗೆದುಕೊಳ್ಳಬಾರದು. ಅವ್ವನ ಆರತಿ ತಟ್ಟೆಯನ್ನು ಭಾಗಮ್ಮ ತಿಕ್ಕಿ ಬೆಳಗಿಸಿ ಇಟ್ಟಿದ್ದಾಳೆ, ಆದರೆ ಈ ಸಲ ಅದು ತಮಗಲ್ಲ.