ತಬಕಿನಲ್ಲಿ ನನ್ನ ಪಾಲು

ನಾನು ಒಂದು ಹೊತ್ತಿಗೆ ಎಷ್ಟು ಅನ್ನ ತಿನ್ನುತ್ತೇನೆ ಎಂಬುದು ಐವತ್ತು ದಾಟಿದರೂ ನನಗೆ ಗೊತ್ತಿರಲಿಲ್ಲ. ನಗಬೇಡಿ. ಬೇರೆ ಬೇರೆ ತಟ್ಟೆಯಲ್ಲಿ ಉಣ್ಣುವವರಿಗೆ ಇದು ಸುಲಭದ ಲೆಕ್ಕ. ನಮ್ಮದು ತಬಕಿನ ಮನೆ. ಭದ್ರಾವತಿಯಲ್ಲಿದ್ದಾಗ, ಲಾರಿ ಓಡಿಸುತ್ತಿದ್ದ ಅಬ್ಬಾ ಊರಿಗೆ ಬಂದ ದಿನ ಎಲ್ಲರೂ ಸುತ್ತ ಕುಳಿತು ಒಂದೇ ದೊಡ್ಡ ತಬಕಿಗೆ ಕೈ ಹಾಕುತ್ತಿದ್ದೆವು. ಅಬ್ಬಾ ತೀರಿಹೋದರು, ನಾವು ಶಿವಮೊಗ್ಗದ ಗೋಪಾಳಕ್ಕೆ ಬಂದೆವು, ತಬಕೂ ಜೊತೆಗೇ ಬಂತು. ಈಗ ಅದರ ಸುತ್ತ ಅಮ್ಮಿ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಮತ್ತು ನಾನು. ಅವರವರ ಮುಂದಿನದನ್ನು ಅವರವರು ತಿನ್ನಬೇಕು, ಅಡ್ಡ ಕೈ ಹಾಕಬಾರದು. ಇಷ್ಟೇ ಕಾನೂನು.

ನನಗೆ ಶುಗರ್ ಬಂದಾಗ ಡಾಕ್ಟರಮ್ಮ ಕೇಳಿದರು, "ಒಂದು ಹೊತ್ತಿಗೆ ಎಷ್ಟು ಅನ್ನ ತಿಂತೀರಿ?"

"ಎಲ್ಲರ ಜೊತೆ ತಿಂತೀನಿ ಮೇಡಂ" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಆ ಪ್ರಶ್ನೆ ತಲೆ ಹೊಕ್ಕಿತು. ನಾನು ಮೆಕ್ಯಾನಿಕ್. ಯಾವ ಎಂಜಿನ್ ಎಷ್ಟು ಆಯಿಲ್ ಕುಡಿಯುತ್ತದೆ ಎಂದು ಶಬ್ದ ಕೇಳಿಯೇ ಹೇಳುವವನು ನನ್ನ ಹೊಟ್ಟೆಯ ಲೆಕ್ಕ ಹೇಳಲಾರದೆ ಹೋದೆನಲ್ಲ! ಅಂದು ಮಧ್ಯಾಹ್ನವೇ ತುತ್ತು ಎಣಿಸಲು ಕುಳಿತೆ. ಮಗಳು ಕಾಲೇಜಿನ ಸುದ್ದಿ ತೆಗೆದಳು, ಎಣಿಕೆ ತಪ್ಪಿತು. ಮರುದಿನ ನನ್ನ ಮುಂದಿನ ಅನ್ನಕ್ಕೆ ಬೆರಳಿನಿಂದ ಗಡಿ ಎಳೆದೆ. "ಏನ್ರೀ ಇದು, ಸೈಟ್ ಅಳೀತಿದ್ದೀರಾ?" ಎಂದು ಹೆಂಡತಿ ಗಡಿಯ ಮೇಲೆಯೇ ಸಾರು ಸುರಿದಳು. (ಮನೆಯಲ್ಲಿ ನಾವು ಆಡುವುದು ದಖನಿ ಉರ್ದು, ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ಮೂಲದಲ್ಲಿ ಮಾತು ಇನ್ನೂ ಖಾರವಾಗಿತ್ತು.) ಅಷ್ಟರಲ್ಲಿ ಅಮ್ಮಿ, "ನಂಗೆ ಸಾಕು ಬೇಟಾ" ಎನ್ನುತ್ತಾ ಮಜ್ಜೆ ತುಂಬಿದ ನಲ್ಲಿಮೂಳೆಯನ್ನು ನನ್ನ ಕಡೆ ತಳ್ಳಿದರು. ಅಮ್ಮಿಯದು ಗುಬ್ಬಚ್ಚಿ ಊಟ ಎಂದು ನೆಂಟರಲ್ಲೆಲ್ಲ ಹೆಸರು.

ಕೊನೆಗೆ ನನಗೊಂದು ಬೇರೆ ತಟ್ಟೆ, ಅದರಲ್ಲಿ ಒಂದು ಕಪ್ ಅನ್ನ ಎಂದು ತೀರ್ಮಾನವಾಯಿತು. ಊಟಕ್ಕೆ ಹಾಸುವ ದಸ್ತರ್ಖಾನಿನ ಮೂಲೆಯಲ್ಲಿ ಒಬ್ಬನೇ ಕುಳಿತೆ. ನಿಜ ಹೇಳುತ್ತೇನೆ, ಅಳು ಬಂತು. ಆದರೆ ಕುತೂಹಲವೂ ಇತ್ತು. ಅಡುಗೆ ಎಂದಿನಷ್ಟೇ ಆಗಿದೆ. ಮೂವರೂ ಉಂಡ ಮೇಲೆ ತಬಕಿನಲ್ಲಿ ಎಷ್ಟು ಉಳಿಯುತ್ತದೋ ಅಷ್ಟು, ಜೊತೆಗೆ ಈ ಒಂದು ಕಪ್, ಇಷ್ಟೇ ತಾನೆ ನನ್ನ ಪಾಲು? ಅದನ್ನು ಅಳೆದು ಡಾಕ್ಟರಮ್ಮನಿಗೆ ಹೇಳಿದರಾಯಿತು.

ಏನೂ ಉಳಿಯಲಿಲ್ಲ. ನನ್ನ ಖಾಲಿ ಜಾಗದತ್ತ ಮೂರು ಕೈಗಳು ನಿಧಾನವಾಗಿ ಸರಿದು ಬಂದವು. ಗುಬ್ಬಚ್ಚಿ ಎಂದು ಹೆಸರಾದ ಅಮ್ಮಿ ನಲ್ಲಿಮೂಳೆಯನ್ನು ತಬಕಿಗೆ ಕುಟ್ಟಿ ಕುಟ್ಟಿ ಹೀರಿದರು. ಇವರಿಗೆಲ್ಲ ಹಸಿವು ಕಡಿಮೆ ಎಂದು ಇಷ್ಟು ವರ್ಷ ನಂಬಿದ್ದೆ. ಅವರು ಸಾಕು ಅನ್ನುತ್ತಿದ್ದದ್ದು ಹೊಟ್ಟೆ ತುಂಬಿ ಅಲ್ಲ, ನನ್ನ ಕೈ ಇನ್ನೂ ಆಡುತ್ತಿತ್ತು ಅಂತ! ನಾಚಿಕೆಯಾಯಿತು. ಮೂವರ ಮೇಲೂ ಪ್ರೀತಿ ಉಕ್ಕಿತು. ಹೊಟ್ಟೆ ಮಾತ್ರ ಇನ್ನೂ ಹಸಿದೇ ಇತ್ತು.

ಮೊನ್ನೆ ಶುಗರ್ ಇಳಿದಿದೆ ಎಂದು ಗೊತ್ತಾಯಿತು. "ಇನ್ನು ಮನೆಯವರ ಜೊತೆಗೇ ಊಟ ಮಾಡಿ, ಕೈ ಸ್ವಲ್ಪ ಹಿಡಿತದಲ್ಲಿರಲಿ" ಎಂದರು ಡಾಕ್ಟರಮ್ಮ. ಓಡೋಡಿ ಬಂದು, ತಬಕಿನ ಸುತ್ತ ಆಗಲೇ ಕುಳಿತಿದ್ದವರಿಗೆ ಸುದ್ದಿ ಹೇಳಿದೆ. ಮೂರು ಕೈಗಳೂ ನಿಂತವು. ಹೆಂಡತಿ, ಮಗಳು ಇಬ್ಬರೂ ಅಮ್ಮಿಯ ಮುಖ ನೋಡಿದರು.

ಅಮ್ಮಿ ಬಾಯಲ್ಲಿದ್ದ ತುತ್ತು ನುಂಗಿ, ಬಹಳ ಕಾಳಜಿಯಿಂದ ಹೇಳಿದರು: "ಡಾಕ್ಟರು ಹಂಗೇ ಹೇಳ್ತಾರೆ ಬೇಟಾ. ಆದ್ರೂ ಇನ್ನೊಂದು ತಿಂಗಳು ನೀನು ಹುಷಾರಾಗಿರೋದು ಒಳ್ಳೇದು."