ಅಮ್ಮ ಹಾಕ್ಕಂಡ ತಗಡಿನ ಕನ್ನಡಕ

ಮಹಾರಾಜರ ಕಾಲದಲ್ಲಿ ಹಿರಿಯೂರಿನ ದವಾಖಾನೆಯಲ್ಲಿ ನಾನು ಕಂಪೌಂಡರ್. ಔಷಧಿ ಬರೆಯೋರು ಡಾಕ್ಟ್ರು, ಬೈಸಿಕೊಳ್ಳೋನು ನಾನು. ನಗು ಬರುವಂಥದ್ದೊಂದು ನಡೆಯದ ವಾರವೇ ಇರಲಿಲ್ಲ. ಅದರಲ್ಲೂ ಒಬ್ಬ ಪೂಜಾರಪ್ಪ ವರ್ಷಕ್ಕಾಗುವಷ್ಟು ನಗಿಸಿಹೋದ.

ಒಂದು ಬೆರಳು

ಆತ ಜವನಗೊಂಡನಹಳ್ಳಿ ಕಡೆಯ ಒಂದು ಅಮ್ಮನ ಗುಡಿ ಪೂಜಾರಿ. ದಿನಾ ಅಮ್ಮನ ಮುಖಕ್ಕೆ ಮೇಣ ಹಚ್ಚಿ ಬೆಳ್ಳಿ ಕಣ್ಣು ಅಂಟಿಸಬೇಕು. ಒಂದು ದಿನ ಒಂದನ್ನು ಹಣೆಗೆ, ಇನ್ನೊಂದನ್ನು ಮೂಗಿಗೆ ಅಂಟಿಸಿಬಿಟ್ಟ. ಅಮ್ಮ ಮುನಿದಿದ್ದಾಳೆ ಅಂತ ಊರೇ ಬಾಯಿ ಬಡ್ಕೊಂಡಿತು. ಪೂಜೆ ಒಂದು ವರ್ಷ ಈತನದು, ಒಂದು ವರ್ಷ ದಾಯಾದಿಯದು. ಯುಗಾದಿಯೊಳಗೆ ಕಣ್ಣು ಸರಿಹೋಗದಿದ್ದರೆ ಎರಡು ಸರದಿಯೂ ದಾಯಾದಿಗೇ ಅಂತ ಊರ ಗೌಡ್ರು ಹೇಳಿಬಿಟ್ಟಿದ್ದರು. ಅದಕ್ಕೇ ದವಾಖಾನೆಗೆ ಓಡಿಬಂದಿದ್ದ.

ಡಾಕ್ಟ್ರು ಒಂದು ಬೆರಳೆತ್ತಿ, "ಎಷ್ಟು ಕಾಣ್ತದೆ?" ಅಂದರು.

ಪೂಜಾರಪ್ಪ ಸಿಡುಕಿದ. "ಮೊದ್ಲು ಒಂದೇ ತೋರಿಸ್ರಿ ಸ್ವಾಮಿ. ಮೂರೂ ಒಟ್ಟಿಗೆ ತೋರಿಸಿದ್ರೆ ನಾನೇನು ಹೇಳ್ಲಿ?"

ಉಜ್ಜಬ್ಯಾಡ

ಡಾಕ್ಟ್ರು ಪಕ್ಕದಿಂದ ಬಗ್ಗಿ ನೋಡಿದರು. ಕರಿಗುಡ್ಡೆ ಮೇಲಿನ ಗಾಜಿನಂಥ ಪೊರೆ ತೆಳ್ಳಗಾಗಿ, ಬುಗುರಿ ಮೂತಿಯಂತೆ ಮುಂದಕ್ಕೆ ಚೂಪಾಗಿತ್ತು. ವರ್ಷವರ್ಷಕ್ಕೂ ಹೆಚ್ಚುವ ರೋಗ. ಮಾಮೂಲಿ ಕನ್ನಡಕ ಒಂದೂ ಹಿಡಿಸಲಿಲ್ಲ. "ಧೂಪದ ಹೊಗೆಗೆ ಕಣ್ಣು ತುರಿಸಿದ್ರೂ ನೀನು ಮಾತ್ರ ಉಜ್ಜಬ್ಯಾಡಪ್ಪ" ಅಂತ ಹೇಳಿ ತಣ್ಣನೆಯ ಹನಿ ಔಷಧಿ ಕೊಟ್ಟರು.

ಹದಿನೈದು ದಿನಕ್ಕೆ ಬಂದ. ಎರಡೂ ಕಣ್ಣು ಕೆಂಪು. "ಉಜ್ಜಿದೆಯೇನಯ್ಯ?" ಅಂದರು ಡಾಕ್ಟ್ರು.

"ಅಮ್ಮನಾಣೆ ಇಲ್ಲ! ನೀನು ಉಜ್ಜಬ್ಯಾಡ ಅಂದ್ರಲ್ಲ, ಅದಕ್ಕೇ ಹೆಂಡ್ತಿ ಕೈಲಿ ಉಜ್ಜಿಸ್ಕಂತಿವ್ನಿ."

ತಗಡು

ಕೊನೆಗೆ ಡಾಕ್ಟ್ರು ನನಗೆ, ತಗಡಿನ ಎರಡು ಬಿಲ್ಲೆಗೆ ಸಣ್ಣ ತೂತು ಹಾಕಿ ಕೊಡು ಅಂದರು. ಸಣ್ಣ ತೂತಿನಲ್ಲಿ ನೋಡಿದರೆ ಕಲಸಿದ ನೋಟ ಒಂದಾಗುತ್ತದಂತೆ. ನಾನು ಸೀಮೆಎಣ್ಣೆ ಡಬ್ಬ ಕತ್ತರಿಸಿ ಬಂಡಿ ಮೊಳೆ ಹೊಡೆದೆ.

"ಇದರಲ್ಲಿ ರಾಗಿ ಜರಡಿ ಹಿಡೀತೀಯೇನಯ್ಯ?" ಅಂತ ಬೈದರು. ಎರಡನೇ ಸಲ ಸೂಜಿಯಲ್ಲಿ ಚುಚ್ಚಿದೆ.

ಪೂಜಾರಪ್ಪ ಅದನ್ನಿಟ್ಟುಕೊಂಡು ದೀಪ ನೋಡಿದ. "ಒಂದೇ ಐತೆ!" ಅಂತ ಗಳಗಳ ಅತ್ತುಬಿಟ್ಟ. ನನಗೂ ಕಣ್ಣು ತುಂಬಿ ಬಂತು. ಆಮೇಲೆ ನನ್ನ ಮುಖಕ್ಕೆ ತಿರುಗಿ, "ಅಯ್ಯೋ, ಮಬ್ಬಿನಾಗೆ ನೀವು ಚೆಂದಾಗಿದ್ರಿ" ಅಂದ.

ಯುಗಾದಿ

ಯುಗಾದಿ ಬೆಳಿಗ್ಗೆ ಪರೀಕ್ಷೆ. ಡಾಕ್ಟ್ರ ಜೊತೆ ನಾನೂ ಹೋಗಿದ್ದೆ. ಪೂಜಾರಪ್ಪ ತಗಡಿಗೆ ದಾರ ಕಟ್ಟಿಕೊಂಡು, ನಾಲ್ಕು ದೀಪ ಹೆಚ್ಚಿಗೆ ಹಚ್ಚಿ, ಬೆಳ್ಳಿ ಕಣ್ಣನ್ನು ಒಂದು ಕೂದಲೆಳೆ ಆಚೀಚೆ ಆಗದಂತೆ ಅಂಟಿಸಿದ. ದಾಯಾದಿ ಸುಮ್ಮನಿದ್ದಾನೆಯೇ? "ದವಾಖಾನೆ ತಗಡು ಹಾಕ್ಕಂಡು ಗರ್ಭಗುಡಿಗೆ ಹೋಗಬೌದೇನ್ರಿ? ಮೈಲಿಗೆ!" ಅಂತ ಕೂಗಿದ. ಗೌಡ್ರ ಮುಖ ಗಂಟಾಯಿತು.

ಪೂಜಾರಪ್ಪ ತಗಡು ಬಿಚ್ಚಿ ಅಮ್ಮನ ಮುಖಕ್ಕೆ ಕಟ್ಟಿ, ಮಂಗಳಾರತಿ ಎತ್ತಿ, ಮತ್ತೆ ಬಿಚ್ಚಿ ತಾನು ಕಟ್ಟಿಕೊಂಡ. "ಅಮ್ಮ ಹಾಕ್ಕಂಡು ಬಿಟ್ಟಿದ್ದು ಪ್ರಸಾದ. ಯಾವನ್ಲೇ ಮೈಲಿಗೆ ಅಂದೋನು?" ಅಂದ.

ಗೌಡ್ರು ಎರಡೂ ಕೈಲಿ ಕೆನ್ನೆ ಬಡಿದುಕೊಂಡರು. ಸರದಿ ಉಳಿಯಿತು. ನಾವು ನಕ್ಕೊಂಡು ಹಿರಿಯೂರಿಗೆ ಬಂದೆವು.

ಮುಂದಿನ ವರ್ಷ ದಾಯಾದಿಯ ಸರದಿ. ಆತ ಪೆಚ್ಚುಮೋರೆ ಹಾಕ್ಕೊಂಡು ದವಾಖಾನೆಗೆ ಬಂದ. ಡಾಕ್ಟ್ರು ಕಣ್ಣು ಪರೀಕ್ಷೆ ಮಾಡಿ, "ನಿಂಗೆ ಏನೂ ಇಲ್ವಲ್ಲಪ್ಪ, ಹದ್ದಿನ ಕಣ್ಣು" ಅಂದರು.

"ಅದು ನಂಗೂ ಗೊತ್ತೈತೆ ಸ್ವಾಮಿ," ಅಂದ ಆತ. "ಅಮ್ಮನ ತಗಡು ಕಟ್ಕಳ್ದೆ ಪೂಜೆ ಮುಟ್ಟಂಗಿಲ್ಲ ಅಂತ ಊರೋರು ಕಟ್ಟುಪಾಡು ಮಾಡ್ಯಾರೆ. ಸ್ವಲ್ಪ ದೊಡ್ಡ ತೂತಿಂದು ಒಂದು ಮಾಡಿಕೊಡ್ರಿ, ಕಾಲೆಡವಿ ಅಮ್ಮನ ಮ್ಯಾಲೇ ಬೀಳ್ತಾ ಇವ್ನಿ!"