ಗೋಕಾಕದಿಂದ ಜೇನೊವಾಕ್ಕೆ ಎಷ್ಟು ಹೆಜ್ಜೆ?

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಇಟಲಿಯಲ್ಲಿದ್ದೆ. ನಾಲ್ಕು ಹನ್ನೊಂದಕ್ಕೆ ಘಟಪ್ರಭೆಯ ನಡುನೀರಿನಲ್ಲಿದ್ದೆ. ಒಂದೇ ನಿಮಿಷದಲ್ಲಿ ಅಷ್ಟು ದೂರ ನನ್ನನ್ನು ಸಾಗಿಸಿದ್ದು ಯಾವ ವಿಮಾನವೂ ಅಲ್ಲ, ನಮ್ಮ ಕಾಕಾ! ವೇಳೆ ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎನ್ನುತ್ತೀರಾ? ಜೊತೆಗಿದ್ದ ಮೂಡಲಗಿಯ ಮಾಸ್ತರರು ಆಗತಾನೇ ಕಿಸೆಯಿಂದ ಗಡಿಯಾರ ತೆಗೆದು, "ನಾಲ್ಕ ಹತ್ತ ಆತ್ರಿ. ಇನ್ನರೆ ಖರೆ ಹೇಳ್ರಿ" ಎಂದು ಕಾಕಾನನ್ನು ಕೇಳಿದ್ದರು. ಆ ಗಡಿಯಾರ ಸ್ವಲ್ಪ ಹೊತ್ತಿಗೆ ನೀರು ಕುಡಿದು ನಿಂತುಹೋಯಿತು. ನನ್ನೆದೆ ಮಾತ್ರ ಮುಂದೆ ಎಷ್ಟೋ ದಿನ ಆ ನಿಮಿಷದಲ್ಲೇ ಓಡುತ್ತಿತ್ತು. ಪಕ್ಕದ ಮನೆಯವರು ಕೊಡದಿಂದ ಹಂಡೆಗೆ ನೀರು ಸುರಿದರೂ ಸಾಕು, ನಾನು ಓದುತ್ತಿದ್ದ ಪುಸ್ತಕ ಬಿಟ್ಟು ಕಟ್ಟೆ ಏರಿ ನಿಂತಿರುತ್ತಿದ್ದೆ. ಬಿ.ಎ. ಪಾಸಾದವಳು!

ಇರಲಿ, ಮೊದಲು ಕಾಕಾನ ಪರಿಚಯ.

ಅವರು ನಮ್ಮ ಅಪ್ಪನ ತಮ್ಮ. ಯುದ್ಧ ಮುಗಿದ ಮೇಲೆ ಪಲ್ಟನ್ನಿನಿಂದ ಗೋಕಾಕಕ್ಕೆ ಮರಳಿ ಸೈಕಲ್ ರಿಪೇರಿ ಅಂಗಡಿ ಇಟ್ಟವರು. ಆದರೆ ಸ್ವತಃ ಸೈಕಲ್ ಹತ್ತಿದವರಲ್ಲ. ಯಾಕೆಂದರೆ ಗಾಲಿಯ ಮೇಲೆ ಕೂತರೆ ಹೆಜ್ಜೆ ಎಣಿಸಲು ಬರುವುದಿಲ್ಲವಲ್ಲ! ಕಾಕಾ ಎಲ್ಲಿಗೆ ಹೋಗಲಿ, ಹೆಜ್ಜೆ ಎಣಿಸಿಯೇ ಹೋಗುವುದು. "ಡಾಕ್ಟರ್ ಮನಿ ಎಲ್ಲೈತ್ರಿ?" ಎಂದು ಯಾರಾದರೂ ಕೇಳಿದರೆ, "ಆರನೂರಾ ಹನ್ನೆರಡಕ್ಕ ಬಲಕ್ಕ" ಎನ್ನುವರು. ಕೇಳಿದವನ ಜ್ವರ ಇನ್ನೊಂದು ಡಿಗ್ರಿ ಏರುವುದು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಪ್ರತಿ ರವಿವಾರ ಊಟವಾದ ಮೇಲೆ ಕಾಕಾ ಸಿಕ್ಕವರನ್ನು ಕರೆದುಕೊಂಡು ಇಟಲಿಯ ಜೇನೊವಾ ಪಟ್ಟಣ ತೋರಿಸಲು ಹೊರಡುತ್ತಿದ್ದರು. ಹೌದು, ಗೋಕಾಕದಲ್ಲೇ! ಹಡಗು, ಬಂದರು, ಸಾವಿರ ವರ್ಷದ ಗುಡಿ, ಸಮುದ್ರದ ದೀಪಸ್ತಂಭ, ಎಲ್ಲವನ್ನೂ ಅವರು ನಮ್ಮೂರ ಓಣಿಗಳಲ್ಲಿ ಒಂದೊಂದಾಗಿ ಹಂಚಿ ಇಟ್ಟಿದ್ದರು. ಕೌಜಲಗಿಯಿಂದ, ಹುಕ್ಕೇರಿಯಿಂದ ಬಂದ ನೆಂಟರು ಶನಿವಾರ ಸಂಜೆಗೇ ಮರಳಿ ಮೋಟಾರು ಹತ್ತುತ್ತಿದ್ದುದಕ್ಕೆ ನಮ್ಮ ಅಡುಗೆ ಕಾರಣವಲ್ಲ ಎಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ.

ಮೊದಲ ತಾಣ ಉಳ್ಳಾಗಡ್ಡಿ ಮಾರುವ ಚೌಕ. "ಇಂಥಾ ಚೌಕಕ್ಕ ಅಲ್ಲಿ ಪ್ಯಾಜ್ಜಾ ಅಂತಾರ್ರಿ. ಹಿಂದಿಯೊಳಗ ಉಳ್ಳಾಗಡ್ಡಿಗೆ ಪ್ಯಾಜ್. ಪ್ಯಾಜ್ ಮಾರೋ ಜಾಗಾ, ಅದಕ್ಕ ಪ್ಯಾಜ್ಜಾ. ಇಟಲಿ ಭಾಷಾ ಬಾಳ ಸರಳ ಐತಿ!" ಕಾಲೇಜಿನಲ್ಲಿ ಕಲಿತ ನಾನು, ಆ ಶಬ್ದಕ್ಕೂ ಉಳ್ಳಾಗಡ್ಡಿಗೂ ಸಂಬಂಧವಿಲ್ಲ ಎಂದು ಒಮ್ಮೆ ಹೇಳಿ ನೋಡಿದೆ. ಕಾಕಾ ಕನಿಕರದಿಂದ ನನ್ನನ್ನು ನೋಡಿ, "ಹಂಗಾರ ಅಲ್ಲಿ ಮಂದಿ ಉಳ್ಳಾಗಡ್ಡಿ ಎಲ್ಲಿ ತಗೋತಾರವಾ?" ಎಂದರು. ಇದಕ್ಕೆ ಯಾವ ವಿಶ್ವವಿದ್ಯಾಲಯ ಉತ್ತರ ಕೊಟ್ಟೀತು?

ಎರಡನೆಯದು ಒಂದು ಇಕ್ಕಟ್ಟಾದ ಸಂದಿ. ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. "ನೋಡ್ರಿ, ಜೇನೊವಾದಾಗ ಹಿಂಗ, ತಲಿ ಮ್ಯಾಲ ಅರಿವಿ ಹಾರ್ತಾವು" ಎಂದು ಕಾಕಾ ಕೈ ಎತ್ತಿ ತೋರಿಸಿದಾಗ ಆಕೆ ಹೊರಗೆ ಬಂದು, "ನಿಮ್ಮ ಊರ ತೋರಸಾಕ ನನ್ನ ಹರಕ ಸೀರಿನ ಬೇಕೇನ್ರಿ?" ಎಂದು ಜಗಳಕ್ಕೇ ನಿಂತಳು. ಮುಂದಿನ ರವಿವಾರ ನಾವು ಹೋದಾಗ ಹಗ್ಗದ ಮೇಲೆ ಹೊಚ್ಚ ಹೊಸ ಇಳಕಲ್ ಸೀರೆ!

ಜೇನೊವಾದ ಜನ ಕಡಲೆಹಿಟ್ಟು ಕಲಸಿ, ಎಣ್ಣೆ ಹಾಕಿ, ತಟ್ಟೆಯಲ್ಲಿ ಹರವಿ ಬೇಯಿಸಿ ತಿನ್ನುತ್ತಾರೆ ಎಂದು ಕಾಕಾ ಹೇಳಿದಾಗ ಚಿಗವ್ವ, ಅಂದರೆ ಅವರ ಹೆಂಡತಿ, ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. "ಅದು ಜುಣಕದ ವಡಿ ಅಲ್ಲೇನ್ರಿ? ಅದನ್ನ ತಿನ್ನಾಕ ಸಮುದ್ರ ದಾಟಬೇಕಿತ್ತೇನು?"

"ನಿನ್ನಷ್ಟ ಚಂದ ಮಾಡಾಕ ಅವರಿಗೆ ಬರಂಗಿಲ್ಲ ಬಿಡು" ಎಂದರು ಕಾಕಾ. ಚಿಗವ್ವನ ಸೌಟು ಅಲ್ಲಿಗೇ ತಣ್ಣಗಾಯಿತು. ಇಟಲಿಯವರು ಜುಣಕ ತಿನ್ನುವುದೆಂದರೇನು, ಶುದ್ಧ ಬೊಗಳೆ ಎಂದು ನಾನು ನಕ್ಕಿದ್ದೆ. ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಓದಿದೆ: ನಿಜವಾಗಿಯೂ ತಿನ್ನುತ್ತಾರೆ!

ಮತ್ತೊಂದು ಮಾತನ್ನು ಅವರು ಯಾವಾಗಲೂ ದೊಡ್ಡ ಹೆಮ್ಮೆಯಿಂದ ಹೇಳುವರು. "ಹಿಂದಕ್ಕ ನಮ್ಮ ದೇಶಾ ಹುಡುಕತೇನಿ ಅಂತ ಹಡಗ ಹತ್ತಿ, ದಾರಿ ತಪ್ಪಿ ಅಮೇರಿಕಾಕ್ಕ ಹೋದ ಪುಣ್ಯಾತ್ಮಾ ಇದ ಊರಾಂವ. ಯಾಕ ತಪ್ಪಿದಾ ಹೇಳ್ರಿ? ಹೆಜ್ಜಿ ಎಣಿಸಿರಲಿಲ್ಲ!"

ಕೊನೆಯ ತಾಣ ಹೊಳೆ. ನಡುಹೊಳೆಯಲ್ಲಿ ಆನೆಯ ಬೆನ್ನಿನಂಥ ಒಂದು ಬಂಡೆ. ಅದೇ ಬಂದರಿನ ದೀಪಸ್ತಂಭ. ಬೇಸಿಗೆಯಲ್ಲಿ ನೀರು ಮೊಣಕಾಲಿಗೂ ಬರುವುದಿಲ್ಲ. ನೀರಿನೊಳಗೆ ದಡದವರೆಗೂ ಒಂದು ಕಲ್ಲಿನ ಏಣು ಹಾವಿನಂತೆ ಹೊರಳಿಕೊಂಡು ಹೋಗಿದೆ. ಅದರ ಎರಡೂ ಬದಿಗೆ ಆಳವಾದ ಮಡು. ನಿಜವಾದ ಎಣಿಕೆ ಶುರುವಾಗುವುದು ಆ ಬಂಡೆಯಿಂದ; ಏಣಿನ ತಿರುವುಗಳು ಜೇನೊವಾದ ದಾರಿಗೆ ಹೆಜ್ಜೆಗೆ ಹೆಜ್ಜೆ ಹೊಂದುತ್ತವೆಂದೇ ಕಾಕಾ ಈ ಜಾಗ ಆರಿಸಿದ್ದು. ಹದಿನಾಲ್ಕು ಹೆಜ್ಜೆ ನೇರ: ಅಲ್ಲಿ ಕರಿ ಬಿಳಿ ಪಟ್ಟೆಯ ಕಲ್ಲಿನ ಗುಡಿ. ಬಲಕ್ಕೆ ಎಂಟು: ಅಲ್ಲಿ ಲಿಂಬೆಹಣ್ಣು ಮಾರುವ ಮುದುಕಿ, ಆಕೆಗೆ "ಬೊನ್ ಜೋರ್ನೊ" ಎಂದು ನಮಸ್ಕಾರ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಆಮೇಲೆ ಒಂಬತ್ತು, ಅಲ್ಲೊಂದು ಇಳಿಮೆಟ್ಟಿಲು. ನಲವತ್ತೆಂಟಕ್ಕೆ ಜೋಡಿ ಬುರುಜಿನ ಅಗಸೆಬಾಗಿಲು, ಎಂದರೆ ನಮ್ಮ ದಡದ ಎರಡು ಬೇವಿನ ಗಿಡ. ಅಲ್ಲಿಂದ ಎದುರಿಗೇ ನಮ್ಮ ಮನೆಯ ಬಾಗಿಲು. ಬಾಗಿಲ ಮುಂದೆ ನಿಂತು ಕಾಕಾ, "ಮುಂದ ನನಗ ಗೊತ್ತಿಲ್ರಿ" ಎಂದುಬಿಡುವರು. ಅಲ್ಲಿಗೆ ಜೇನೊವಾ ಮುಗಿಯಿತು. ಇಷ್ಟನ್ನೂ ನಾನು ನೂರು ಸಲ ಕೇಳಿದ್ದೆ. ನೂರು ಸಲವೂ ಕಿವಿಗೊಟ್ಟಿರಲಿಲ್ಲ.

ಕಾಕಾನ ಕೀರ್ತಿ ಮೂಡಲಗಿಗೆ ಮುಟ್ಟಿತು. ಅಲ್ಲಿನ ಭೂಗೋಳದ ಮಾಸ್ತರರು ಇದನ್ನು ಬಯಲಿಗೆಳೆದೇ ತೀರುತ್ತೇನೆಂದು ಬಗಲಲ್ಲಿ ಅಟ್ಲಾಸು, ಕೈಯಲ್ಲಿ ಛತ್ರಿ ಹಿಡಿದು ಒಂದು ರವಿವಾರ ಬಂದಿಳಿದರು. ಮಳೆಗಾಲದ ಮೊದಲ ದಿನಗಳು. ಆದರೆ ಗೋಕಾಕದ ಮೇಲೆ ಒಂದು ಮೋಡವೂ ಇರಲಿಲ್ಲ. ಪ್ರತಿ ತಾಣದಲ್ಲೂ ಮಾಸ್ತರರದು ಒಂದೇ ಪಾಟೀಸವಾಲು.

"ಯಾವ ಹಡಗಿನ್ಯಾಗ ಹೋಗಿದ್ರಿ?"

"ನಡಕೋತನ ಹೋಗೇನ್ರಿ."

"ಇಟಲಿಗೆ ನಡಕೋತ?"

"ಮತ್ತ! ನಾ ಊರ ನೋಡೇನಿ ಅಂತ ಯಾವಾಗರೆ ಹೇಳೇನೇನ್ರಿ? ನಡದೇನಿ ಅಂತ ಹೇಳೇನಿ."

ಬಂಡೆ ಹತ್ತಿದ ಮೇಲೆ ಮಾಸ್ತರರು ಅಟ್ಲಾಸು ಬಿಚ್ಚಿದರು, ಗಡಿಯಾರ ತೆಗೆದರು, ಆಗಲೇ ಹೇಳಿದ ಆ ಪ್ರಶ್ನೆ ಕೇಳಿದರು. ಕಾಕಾ ಬಾಯಿ ತೆರೆದರು. ಅಷ್ಟರಲ್ಲಿ ನೂರು ಚಕ್ಕಡಿ ಒಟ್ಟಿಗೆ ಬಂದಂಥ ಸದ್ದು. ಮೇಲೆ ದಡ್ಡಿಯ ಕಡೆ ಮಳೆ ಹೊಡೆದು, ಧುಪದಾಳದ ಒಡ್ಡು ತುಂಬಿ ಹರಿದಿದೆ ಎಂದು ಬಿಸಿಲಲ್ಲಿ ನಿಂತ ನಮಗೆ ಯಾರು ಹೇಳಬೇಕು? ಕೆಂಪು ನೀರು ಕಸಕಡ್ಡಿ ಹೊತ್ತು ತಿರುವಿನಿಂದ ನುಗ್ಗಿ ಬಂತು. ನೋಡನೋಡುತ್ತ ಕಲ್ಲಿನ ಏಣು ಕಾಣದಾಯಿತು.

ದಡದಲ್ಲಿ ಜನ ಸೇರಿ ಕೂಗಿದರು. ಬಂಡೆಯೂ ಮುಳುಗುತ್ತ ಬಂತು. ಕಾಕಾ ಧೋತರ ಎತ್ತಿ ಕಟ್ಟಿ, "ಮಾಸ್ತರ, ನನ್ನ ನಡಪಟ್ಟಿ ಹಿಡೀರಿ. ತಂಗಿ, ನೀ ಅವರ ಛತ್ರಿ ಹಿಡಿ. ನಾ ಇಟ್ಟಲ್ಲೇ ಕಾಲಿಡ್ರಿ" ಎಂದು ನೀರಿಗಿಳಿದರು. "ಒಂದ... ಎರಡ... ಮೂರ..."

ಹದಿನಾಲ್ಕಕ್ಕೆ ನೀರು ನನ್ನ ಸೊಂಟಕ್ಕಿತ್ತು. ಕಾಕಾ ನಿಂತರು. "ಎಡಕ್ಕ ನೋಡ್ರಿ, ಕರಿ ಬಿಳಿ ಕಲ್ಲಿನ ಗುಡಿ..."

"ಗುಡಿ ಆಮ್ಯಾಲ ತೋರಸ್ರೀ!" ಮಾಸ್ತರರು ಚೀರಿದರು.

"ಗಪ್ಪ ಇರ್ರಿ! ಮಾತ ಬಿಟ್ರ ದಾರಿ ತಪ್ಪತೈತಿ!"

ಆಗ ನನಗೆ ಹೊಳೆಯಿತು. ಕಾಕಾನಿಗೆ ಆ ವರ್ಣನೆ ಬೇರೆ, ಎಣಿಕೆ ಬೇರೆ ಅಲ್ಲ. ಗುಡಿ ಬಿಟ್ಟರೆ ಬಲತಿರುವು ಮರೆಯುತ್ತದೆ. ಮುದುಕಿಯನ್ನು ಬಿಟ್ಟರೆ ನಾವು ಮೂವರೂ ಮಡುವಿಗೆ. ಇಪ್ಪತ್ತೆರಡಕ್ಕೆ, ಎದೆಮಟ್ಟದ ನೀರಿನಲ್ಲಿ, ಇಲ್ಲದ ಮುದುಕಿಗೆ ನಾವು ಮೂವರೂ ಒಕ್ಕೊರಲಿನಿಂದ "ಬೊನ್ ಜೋರ್ನೊ" ಎಂದೆವು. ಮಾಸ್ತರರು ಎಲ್ಲರಿಗಿಂತ ಗಟ್ಟಿಯಾಗಿ ಎಂದರು. ಅಟ್ಲಾಸು ಅಷ್ಟರಲ್ಲಿ ಅವರ ಬಗಲಿನಿಂದ ಜಾರಿ ಕೃಷ್ಣೆಯ ಕಡೆಗೆ ಹೊರಟಿತ್ತು. ಅದಕ್ಕೆ ದಾರಿ ಗೊತ್ತಿರಬೇಕು.

ಮೂವತ್ತೊಂದು.

ಇಳಿಮೆಟ್ಟಿಲು! ಕಾಕಾ "ಕೆಳಗೈತಿ" ಎಂದು ಕೂಗಿದ್ದು ಕೇಳಿಸಿತು. ಆದರೆ ನನ್ನ ಕಾಲಿಗೆ ಕಲ್ಲು ಸಿಗಲಿಲ್ಲ. ಛತ್ರಿ ಕೈಬಿಟ್ಟಿತು. ಕಣ್ಣು, ಮೂಗು, ಬಾಯಿಯ ತುಂಬ ಕೆಂಪು ನೀರು. ಮುಂದೆ ನನ್ನ ಜಡೆಯನ್ನು ಯಾರೋ ಜಗ್ಗಿದರು. ತಲೆ ಮೇಲೆ ಬಂದಾಗ ಮೊದಲು ಕೇಳಿಸಿದ್ದು ಕಾಕಾನ ದನಿ. ಒಂದು ಕೈಯಲ್ಲಿ ನನ್ನ ಜಡೆ, ಕಾಲು ಕಲ್ಲಿಗೆ ನೆಟ್ಟು, ಲೆಕ್ಕ ತಪ್ಪಬಾರದೆಂದು ಅವರು ಒಂದೇ ಸಮನೆ ಹೇಳುತ್ತಿದ್ದರು: "ಮೂವತ್ತೊಂದ, ಮೂವತ್ತೊಂದ, ಮೂವತ್ತೊಂದ..." ನಾನು ಮತ್ತೆ ಕಲ್ಲಿನ ಮೇಲೆ ನಿಂತು ಉಸಿರು ಬಿಡುವ ತನಕ ಆ ಅಂಕಿ ಮುಂದೆ ಹೋಗಲಿಲ್ಲ.

ಬೇವಿನ ಗಿಡದ ಕೆಳಗೆ ನಮ್ಮನ್ನು ಎಳೆದುಕೊಂಡವಳು ಚಿಗವ್ವ. ನನ್ನ ತಲೆ ಒರೆಸುತ್ತ, ಗಂಡನ ಕಡೆ ತಿರುಗಿ, "ಮುಳಗೋ ಮುಂದ ಯಾರಿಗ್ರೀ ಅದು ಅಷ್ಟ ಜೋರ ನಮಸ್ಕಾರ?" ಎಂದಳು. ಅಂದವಳೇ ಗೊಳೋ ಎಂದು ಅತ್ತಳು.

ಮಾಸ್ತರರು ಹಲ್ಲು ಕಟಕಟಿಸುತ್ತಲೇ ಕೈ ಮುಗಿದರು. "ಒಂದ ಹೆಜ್ಜಿ ತಪ್ಪಲಿಲ್ಲ! ನಾ ಸಂಶೇ ಪಟ್ಟಿದ್ದು ತಪ್ಪಾತ್ರಿ. ನೀವು ಜೇನೊವಾಕ್ಕ ಹೋಗಿದ್ದು ಖರೆ."

"ಇಲ್ರಿ ಮಾಸ್ತರ. ನಾ ಹೋಗಿಲ್ಲ" ಎಂದರು ಕಾಕಾ. ಇಷ್ಟು ವರ್ಷ ಜಾರಿಕೊಂಡಿದ್ದವರು, ನಂಬಿದ ಗಳಿಗೆಯಲ್ಲೇ ಒಪ್ಪಿಕೊಂಡುಬಿಟ್ಟರು! "ಬೆಂಗಳೂರಿಂದ ಮುಂದ ನಾ ಎಲ್ಲೂ ಹೋಗಿಲ್ಲ."

ಮಾಸ್ತರರು ನಿಂತುಹೋದ ಗಡಿಯಾರದ ನೀರು ಜಾಡಿಸಿದರು. "ಇಪ್ಪತ್ತ ವರ್ಷಾ ಭೂಗೋಳ ಕಲಿಸೇನಿ" ಎಂದರು ಮೆಲ್ಲಗೆ. "ನಾನೂ ಎಲ್ಲೂ ಹೋಗಿಲ್ರಿ."

ಅವತ್ತಿನಿಂದ ನನಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಎಣಿಕೆ ತಾನಾಗಿ ಶುರುವಾಗುವುದು. ಮೂವತ್ತೊಂದಕ್ಕೆ ಕಾಲ ಕೆಳಗೆ ಏನೂ ಇಲ್ಲದೆ ಬೆಚ್ಚಿ ಏಳುವೆ. ವೈದ್ಯರ ಪುಡಿ ಆಯಿತು, ಗುಡಿಯ ಅಂಗಾರ ಆಯಿತು. ಹತ್ತನೆಯ ದಿನ ಸಂಜೆ ಕಾಕಾ ನನ್ನ ಕೋಣೆಯ ಹೊಸ್ತಿಲ ಮೇಲೆ ಬಂದು ಕೂತು, "ನಡಿ ತಂಗಿ, ಮನಿಗೆ ಹೋಗೂಣು" ಎಂದರು. ಕೂತಲ್ಲೇ ಬಂಡೆಯಿಂದ ಎಣಿಸತೊಡಗಿದರು. ನಾನು ಮೂವತ್ತೊಂದಕ್ಕೆ ಬೇಡವೆಂದು ಕಿವಿ ಮುಚ್ಚಿದೆ. ಮರುದಿನ ಮತ್ತೆ ಬಂದರು. ಅದರ ಮರುದಿನವೂ. ಹಾಗೆ ಬಂದು ಕೂತಾಗಲೇ ಒಂದು ಸಂಜೆ, "ಈ ದಾರಿ ನಿಮಗ ಯಾರು ಕಲಿಸಿದ್ರಿ, ಕಾಕಾ?" ಎಂದು ಕೇಳಿದೆ.

"ಒಬ್ಬಾಂವ ಕೈದಿ" ಎಂದರು. ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯವರನ್ನು ಬೆಂಗಳೂರಿನ ಹತ್ತಿರ ತಂತಿಬೇಲಿಯೊಳಗೆ ಇಟ್ಟಿದ್ದರಂತೆ. ಕಾಕಾ ಅಲ್ಲಿ ಕಾವಲಿನ ಸಿಪಾಯಿ. "ಅಂವಗೂ ನಿನ್ನಂಗ ನಿದ್ದಿ ಬರ್ತಿದ್ದಿಲ್ಲವಾ. ದಿನಾ ಸಂಜಿಕ್ಕ ಬೇಲಿಯೊಳಗ ಹೆಜ್ಜಿ ಎಣಿಸಿಕೋತ ಬಂದರಿನಿಂದ ತನ್ನ ಮನೀಗೆ ನಡದ ಹೋಗ್ತಿದ್ದ. ಇಲ್ಲಿ ಗುಡಿ, ಇಲ್ಲಿ ಮುದುಕಿ ಅಂತ ಅರ್ಧಾ ಹಿಂದಿ, ಅರ್ಧಾ ಕೈಸನ್ನಿ. ನಾ ಬಂದೂಕ ಹಿಡಕೊಂಡ ಬಾಜೂಕ ನಡೀತಿದ್ದೆ."

"ಓಡಿ ಹೋದಾನು ಅಂತೇನ್ರಿ?"

"ಮನಿಗೇ ಹೊಂಟಾಂವ ಇನ್ನೆಲ್ಲಿಗೆ ಓಡ್ತಾನವಾ?" ಎಂದರು ಕಾಕಾ. "ಕಡೀಕ ಬಾಗಲದ ಮುಂದ ನಿಂತು ಕೈ ಎತ್ತತಿದ್ದ. ತಟ್ಟತಿದ್ದಿಲ್ಲ. ತಟ್ಟಿದ್ರ ಒಳಗಿಂದ ಯಾರರೆ ತಗೀಬೇಕಲ್ಲ. ಕೈದಿಗಳ ಛಾವಣಿ ಖಾಲಿ ಮಾಡಿದ ದಿನಾ ನಾ ರಜಾದ ಮ್ಯಾಲ ಊರಿಗೆ ಬಂದಿದ್ನಿ. ಅಂವ ಮನೀ ಮುಟ್ಟಿದನೋ ಇಲ್ಲೋ, ಯಾರನ್ನ ಕೇಳಲಿ? ಅದಕ್ಕ ರವಿವಾರಕ್ಕೊಮ್ಮಿ ನಾನ ಅವನ್ನ ಮನೀ ತನಕಾ ಮುಟ್ಟಿಸಿ ಬರ್ತೇನಿ."

ಊರಿಡೀ ನಕ್ಕಿತ್ತು. ನಾನೂ ನಕ್ಕಿದ್ದೆ.

ಮುಂದಿನ ರವಿವಾರವೂ ಹೊಳೆ ಇಳಿದಿರಲಿಲ್ಲ. ಜೇನೊವಾದ ದಾರಿ ಬಂದ್. ದೀಪ ಹಚ್ಚಿದ ಮೇಲೆ ಕಾಕಾ ಹೊಸ್ತಿಲಿಗೆ ಬಂದರು. ಗುಡಿ ನೋಡಿದೆವು, ಮುದುಕಿಗೆ ನಮಸ್ಕಾರ ಹೇಳಿದೆವು. "ಮೂವತ್ತೊಂದ" ಎಂದು ಕಾಕಾ ನಿಂತರು. "ಮೂವತ್ತೊಂದ... ಮೂವತ್ತೊಂದ..." ಅವರೇನೂ ಅವಸರ ಮಾಡಲಿಲ್ಲ. ನನ್ನ ಜಡೆ ಇನ್ನೂ ಅವರ ಮುಷ್ಟಿಯಲ್ಲೇ ಇದ್ದ ಹಾಗಿತ್ತು.

"ಮೂವತ್ತೆರಡು" ಎಂದೆ ನಾನು.

ಅದರಾಚೆ ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಸೋಮವಾರ. ಬಿಸಿಲು ಹಾಸಿಗೆಯ ತನಕ ಬಂದಿತ್ತು. ಮಕ್ಕಳಿಗೆ ಪಾಠ ಹೇಳಲು ಸಾಲಿಗೆ ಹೊರಟವಳು ಸೈಕಲ್ ಅಂಗಡಿಯ ಮುಂದೆ ನಿಂತೆ. ಕಾಕಾ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದರು. ನೀರಿನ ಗುಳುಗುಳು ಸದ್ದಿಗೆ ನಾನು ಬೆಚ್ಚಲಿಲ್ಲ.

"ನಿನ್ನಿ ಅಂವ ಮನಿ ಮುಟ್ಟಿದನೇನ್ರಿ, ಕಾಕಾ?"

ಅವರು ತಲೆ ಎತ್ತಲಿಲ್ಲ.

"ಇಬ್ಬರೂ ಮುಟ್ಟಿದ್ರವಾ" ಎಂದರು.